ಮಾವಯ್ಯನ ಹಲ್ಲು, ಭಾವನ ದವಡೆ

ಭಾವ ಹಳೇ ಸ್ಕಿಡ್ ಸ್ಟಿಯರ್ ಕೊಂಡು ತಂದಾಗಿನಿಂದ ನಮ್ಮ ಜಗಲಿಯ ಹರಟೆಯಲ್ಲಿ ಅಡಿಕೆ ರೇಟಿಗೆ ಎರಡನೇ ಸ್ಥಾನ. ನಮ್ಮೂರಲ್ಲಿ ಮಣ್ಣು ಬಗೆಯುವುದೆಲ್ಲ ಜೆಸಿಬಿ. ಉದ್ದ ಕೈ ಇದ್ದು ಚೈನ್ ಮೇಲೆ ಓಡುವುದೆಲ್ಲ ಹಿಟಾಚಿ. ಇದು ಎರಡೂ ಅಲ್ಲ, ಮುಂದೆ ಬಕೆಟ್ ಇರುವ ಪುಟ್ಟ ಲೋಡರ್. ಹಾಗಾಗಿ 'ಮರಿ ಜೆಸಿಬಿ' ಎಂದು ಹೆಸರು ಬಿತ್ತು.

ಮೊನ್ನೆ ಸಂಜೆ ಮಳೆ ಸ್ವಲ್ಪ ಹೊಳವಾಗಿತ್ತು. ಕವಳದ ತಟ್ಟೆ ನಡುವೆ ಇಟ್ಟುಕೊಂಡು ಕೂತಿದ್ದೆವು. ಭಾವ, ಅವರ ಸೋದರಮಾವ ಮಾವಯ್ಯ, ಪಕ್ಕದ ಮನೆಯ ರಿಟೈರ್ಡ್ ಮೇಷ್ಟ್ರು, ನಾನು.

"ಬ್ಯಾಣದಲ್ಲಿ ಅಕೇಶಿಯ ಕಡಿಸಿದ್ದಾಯಿತು. ಇನ್ನು ಬೊಡ್ಡೆ, ಬೇರು, ಲಂಟಾನ ಎಲ್ಲ ಬಾಚಬೇಕು. ಮಷಿನ್‌ಗೆ ಒಂದು ರೂಟ್ ಗ್ರ್ಯಾಪಲ್ ಹಾಕಿಸುತ್ತೇನೆ" ಎಂದರು ಭಾವ.

"ಅದೇನೋ ಅದು?" ಮಾವಯ್ಯ ಕೇಳಿದರು.

"ಬಕೆಟ್ ತೆಗೆದು ಆ ಜಾಗಕ್ಕೆ ಸಿಕ್ಕಿಸುವ ದವಡೆ ಮಾವಯ್ಯ. ಕೆಳಗೆ ಉದ್ದುದ್ದ ಹಲ್ಲು. ಮೇಲಿನಿಂದ ಕಚ್ಚಿಕೊಳ್ಳುವ ಬಾಯಿ. ಹಿಡಿದು ಅಲ್ಲಾಡಿಸಿದರೆ ಮಣ್ಣು ಸಂದಿಯಿಂದ ಉದುರುತ್ತದೆ, ಬೇರು ಬಾಯಲ್ಲೇ ಉಳಿಯುತ್ತದೆ."

"ನನ್ನದು ಉಲ್ಟಾ. ತಿಂದದ್ದು ಸಂದಿಯಲ್ಲಿ ಉಳಿಯುತ್ತದೆ, ಹಲ್ಲೇ ಉದುರುತ್ತದೆ" ಎಂದು ಮಾವಯ್ಯ ಹಲ್ಲಿನ ಸೆಟ್ಟನ್ನು ನಾಲಿಗೆಯಲ್ಲೇ ಸರಿಮಾಡಿಕೊಂಡರು.

ಚರಿತ್ರೆ ಹೇಳದೆ ಮೇಷ್ಟ್ರಿಗೆ ಚಹಾ ಇಳಿಯುವುದಿಲ್ಲ. "ಈ ಮಷಿನ್ ಹುಟ್ಟಿದ್ದೇ ಹಿಕ್ಕೆ ಬಾಚಲಿಕ್ಕೆ, ಗೊತ್ತಾ? 1957ರಲ್ಲಿ, ಅಮೆರಿಕದ ಮಿನ್ನೆಸೋಟದಲ್ಲಿ. ಟರ್ಕಿ ಕೋಳಿ ಸಾಕುವವನೊಬ್ಬನಿಗೆ ಕೆಲ್ಲರ್ ಅಣ್ಣತಮ್ಮಂದಿರು ಮಾಡಿಕೊಟ್ಟರು. ಆಗ ಮೂರೇ ಚಕ್ರ. ನಾಲ್ಕು ಚಕ್ರದ ಎಂ-400 ಬಂದದ್ದು 1960ರಲ್ಲಿ. ಬಾಬ್‌ಕ್ಯಾಟ್ ಅನ್ನುವ ಹೆಸರು ಅದಕ್ಕೂ ಆಮೇಲೆ."

"ಕೋಳಿ ಹಿಕ್ಕೆಗೆ ಹುಟ್ಟಿದ್ದನ್ನು ಭಾವ ಅಕೇಶಿಯದ ಮೇಲೆ ಛೂ ಬಿಡುತ್ತಿದ್ದಾರೆ" ಎಂದೆ.

ಭಾವ ಅದನ್ನು ಕಿವಿಗೆ ಹಾಕಿಕೊಳ್ಳದೆ ಮೊಬೈಲ್‌ನಲ್ಲಿ ಎರಡು ಫೋಟೋ ತೋರಿಸಿದರು. "ಇದರ ಹಲ್ಲು ಅರ್ಧ ಇಂಚು ದಪ್ಪ. ಇದರದ್ದು ಮುಕ್ಕಾಲು ಇಂಚು. ದಪ್ಪದ್ದೇ ಬಾಳಿಕೆ ಬರುತ್ತದೆ, ಅಲ್ವಾ?"

ನಾನು ಫ್ಯಾಬ್ರಿಕೇಶನ್ ಶೆಡ್‌ನಲ್ಲಿ ಎಂಟು ವರ್ಷ ಕಳೆದವನು. ಸುಮ್ನೆ ಕೂರಲು ಆಗಲಿಲ್ಲ. "ದಪ್ಪ ಆಮೇಲೆ ಭಾವ. ಯಾವ ಪ್ಲೇಟ್ ಅಂತ ಮೊದಲು ಕೇಳಿ. ಸಾಮಾನ್ಯ ಎಂ.ಎಸ್. ಪ್ಲೇಟ್, ಅಂದರೆ ಮೆದು ಉಕ್ಕಿನದ್ದು, ಇ250 ದರ್ಜೆ. ಅದು 250 ಮೆಗಾಪಾಸ್ಕಲ್ ಒತ್ತಡಕ್ಕೇ ಬಾಗಿ ಹಾಗೇ ನಿಂತುಬಿಡುತ್ತದೆ. ಇ350 ಆದರೆ 350ರವರೆಗೆ ತಡೆಯುತ್ತದೆ. ತುದಿಗೆ ಹಾರ್ಡಾಕ್ಸ್ ತರಹದ ಸವೆಯದ ಗಟ್ಟಿ ಉಕ್ಕು ಇದ್ದರೆ ಇನ್ನೂ ಒಳ್ಳೆಯದು. ನಮ್ಮ ಜಂಬಿಟ್ಟಿಗೆ ಮಣ್ಣು ಉಪ್ಪುಕಾಗದ ಇದ್ದ ಹಾಗೆ, ಉಜ್ಜಿ ಉಜ್ಜಿ ತಿಂದುಬಿಡುತ್ತದೆ."

"ಇರಲಿ, ಮುಕ್ಕಾಲು ಇಂಚಿನದ್ದೇ ತಗೊಂಡರೆ ನಷ್ಟ ಏನು?"

"ಭಾರ! ನಿಮ್ಮ ಮಷಿನ್ ಎಷ್ಟು ಎತ್ತಬಹುದು ಅಂತ ಬರೆದಿದೆ?"

"700 ಕಿಲೋ."

"ಚಕ್ರದ ಮಷಿನ್‌ಗೆ ಅದು ಮುಗ್ಗರಿಸುವ ಭಾರದ ಅರ್ಧ. 1400ಕ್ಕೆ ಹಿಂದಿನ ಚಕ್ರ ಆಕಾಶ ನೋಡುತ್ತದೆ. ಆ 700 ಕೂಡ ಮಾಮೂಲಿ ಬಕೆಟ್ ಲೆಕ್ಕ. ದವಡೆ ಬಕೆಟ್‌ಗಿಂತ 200 ಕಿಲೋ ಜಾಸ್ತಿ ಇದ್ದರೆ ಬೊಡ್ಡೆಗೆ ಉಳಿಯುವುದು 500."

"ತಟ್ಟೆಯೇ ಅಷ್ಟು ಭಾರ ಮಾಡಿಸಿಕೊಂಡರೆ ಅನ್ನ ಎಲ್ಲಿ ಬಡಿಸುತ್ತೀಯೋ?" ಎಂದರು ಮಾವಯ್ಯ.

ಅಗಲದ ವಿಷಯ ಬೇಗ ಮುಗಿಯಿತು. ಚಕ್ರದ ಹೊರ ಅಂಚಿಗಿಂತ ಒಂಚೂರು ಜಾಸ್ತಿ, ಅಷ್ಟೇ. ಬಾಯಿಯ ವಿಷಯಕ್ಕೆ ಬಂದಾಗ ಜೋರಾಯಿತು. ಭಾವನಿಗೆ ಒಂದೇ ಬಾಯಿಯದ್ದು ಬೇಕು, ರೇಟು ಕಮ್ಮಿ.

"ಒಂದು ಕಡೆ ಬೊಡ್ಡೆ, ಇನ್ನೊಂದು ಕಡೆ ಸೊಪ್ಪು ಇದ್ದರೆ?" ಎಂದೆ. "ಬಾಯಿ ಬೊಡ್ಡೆಗೆ ತಾಗಿ ಅಲ್ಲೇ ನಿಲ್ಲುತ್ತದೆ. ಆಚೆ ಕಡೆಯದ್ದು ದಾರಿಯುದ್ದಕ್ಕೂ ಬೀಳುತ್ತದೆ. ಎರಡು ಬಾಯಿ, ಎರಡಕ್ಕೂ ಬೇರೆ ಬೇರೆ ಜಾಕ್ ಇರಬೇಕು."

"ಸತ್ಯ" ಎಂದರು ಮಾವಯ್ಯ. "ಬಲಗಡೆ ಚಕ್ಕುಲಿ ಕಚ್ಚಿದರೆ ನನ್ನ ಸೆಟ್ಟು ಎಡಗಡೆ ಎದ್ದು ಕುಣಿಯುತ್ತದೆ." ಅಷ್ಟಕ್ಕೇ ಬಿಡಲಿಲ್ಲ, ಸೆಟ್ಟನ್ನು ಕಳಚಿ ಅಂಗೈ ಮೇಲೆ ಇಟ್ಟೇಬಿಟ್ಟರು. ಮೇಷ್ಟ್ರು ಚಹಾದ ಲೋಟ ದೂರ ಸರಿಸಿದರು. "ನೋಡಿ, ಹಲ್ಲು ಹೊಸದರ ಹಾಗಿದೆ. ಹೋದದ್ದು ವಸಡು!" ಸೆಟ್ಟಿಲ್ಲದ ಬಾಯಿಂದ ಅದು 'ವಫಡು' ಎಂದು ಕೇಳಿಸಿತು.

"ಇದನ್ನೇ ನಾನು ಹೇಳಬೇಕು ಅಂತಿದ್ದೆ" ಎಂದೆ. "ಎಲ್ಲರೂ ಹಲ್ಲು ನೋಡಿ ದುಡ್ಡು ಕೊಡುತ್ತಾರೆ. ಮೊದಲು ಹೋಗುವುದು ಬಾಯಿಯ ಕೀಲಿನ ಪಿನ್ನು, ಅದರ ಸುತ್ತ ಕೂರುವ ಬುಶ್ಶು. ಬುಶ್ ಬದಲಾಯಿಸುವ ಹಾಗಿರಬೇಕು. ಬುಶ್ ಇಲ್ಲದೆ ಪ್ಲೇಟ್‌ಗೇ ತೂತು ಕೊರೆದು ಪಿನ್ ಹಾಕಿದ್ದರೆ, ಸ್ವಲ್ಪ ದಿನಕ್ಕೆ ಆ ತೂತು ಕೋಳಿಮೊಟ್ಟೆ ಆಕಾರಕ್ಕೆ ಬರುತ್ತದೆ. ಆಮೇಲೆ ಬಾಯಿ ಲಟಲಟ. ಹೋಸ್ ಪೈಪು, ಜಾಕಿನ ರಾಡು ಎರಡಕ್ಕೂ ಮೇಲೆ ಕವಚ ಬೇಕು. ಒಂದು ಕೊಂಬೆ ತಿವಿದರೆ ಸಾಕು, ಎಣ್ಣೆಯೆಲ್ಲ ಬ್ಯಾಣಕ್ಕೆ."

"ಗ್ರೀಸ್!" ಮೇಷ್ಟ್ರು ಬೆರಳೆತ್ತಿದರು. "ದಿನಾ ಬೆಳಿಗ್ಗೆ, ಒಂದೊಂದು ನಿಪ್ಪಲ್‌ಗೂ. ನಮ್ಮ ಜನಕ್ಕೆ ಮಷಿನ್ ಬೇಕು, ಗ್ರೀಸ್ ಹೊಡೆಯುವುದು ಬೇಡ. ಶಿಸ್ತು ಇಲ್ಲ."

ಭಾವ ಎದೆಯುಬ್ಬಿಸಿದರು. "ಆಯಿತು, ಎಲ್ಲ ನೋಡಿಯೇ ತರುತ್ತೇನೆ. ಆಮೇಲೆ ನೋಡಿ, ಮೂಲೆ ಹಲ್ಲು ಬೊಡ್ಡೆಯ ಬುಡಕ್ಕೆ ಕೊಟ್ಟು ಒಂದೇ ಏಟಿಗೆ ಕೀಳುತ್ತೇನೆ."

ಯಾರೂ ಮಾತಾಡಲಿಲ್ಲ. ಮಾವಯ್ಯ ಒಂದು ಚಕ್ಕುಲಿ ತೆಗೆದುಕೊಂಡು ಚಹಾದಲ್ಲಿ ಅದ್ದಿದರು. ನಿಧಾನ ನೆನೆಯಲು ಬಿಟ್ಟರು. ಸೆಟ್ಟು ಹಾಕಿಕೊಂಡು ಕಚ್ಚಿದರು.

"ಮೊದಲು ಹಿಟಾಚಿ ತರಿಸಿ ಬೊಡ್ಡೆ ಸಡಿಲ ಮಾಡಿಸು" ಎಂದರು. "ನಿನ್ನ ದವಡೆ ಬಾಚಿ ಒಯ್ಯಲಿಕ್ಕೆ. ಒಂದೇ ಹಲ್ಲಲ್ಲಿ ಮೀಟಿದರೆ ಚೌಕಟ್ಟೇ ತಿರುಚಿಕೊಳ್ಳುತ್ತದೆ. ಕೋಡುಬಳೆಯಲ್ಲಿ ನನಗೆ ಆಗಿದೆ."

ಒಳಗಿನಿಂದ ಅಕ್ಕ ಬಂದಳು. "ಗ್ರೀಸ್ ಅಂತ ಕೇಳಿಸಿತು. ನಮ್ಮ ಗ್ರೀಸ್ ಗನ್ ಎಲ್ಲಿದೆ ಅಂತ ನೆನಪಿದೆಯಾ ನಿಮಗೆ?"

"ಕೊಟ್ಟಿಗೆಯಲ್ಲಿ ನೇತುಹಾಕಿದ್ದೆನಲ್ಲ" ಎಂದರು ಭಾವ.

"ಇಲ್ಲ. ಹೋದ ದೀಪಾವಳಿಗೆ ಪಕ್ಕದ ಮನೆಯವರು ಒಯ್ದದ್ದು, ಇನ್ನೂ ಬಂದಿಲ್ಲ."

ಮೇಷ್ಟ್ರು ಕೊಡೆ ಹುಡುಕತೊಡಗಿದರು. "ಮೋಡ ಕಟ್ಟಿದ ಹಾಗಿದೆ, ಬರುತ್ತೇನೆ" ಎಂದರು.