ಬಯಲಿನಲ್ಲಿ ಹಾರುವ ಕುದುರೆ ಮರದಡಿ ನಿಂತುಬಿಡುತ್ತದೆ, ಏನು ಮಾಡಲಿ?

ಬೇಣದ ಸವಾರ (ಶಿರಸಿ):
ನನ್ನ ಬಳಿ ರೇಸಿಗೆಂದೇ ಬೆಳೆಸುವ ಥರೋಬ್ರೆಡ್ ತಳಿಯ ಏಳು ವರ್ಷದ ಹೆಣ್ಣು ಕುದುರೆ ಇದೆ, ಹೆಸರು ಚಂಪಿ. ರೇಸ್ ಬಿಟ್ಟು ನಮ್ಮ ಲಾಯಕ್ಕೆ ಬಂದು ಎಂಟು ತಿಂಗಳಾಯಿತು. 2018ರ ಏಷ್ಯನ್ ಕ್ರೀಡಾಕೂಟದಲ್ಲಿ ಬೆಂಗಳೂರಿನ ಫವಾದ್ ಮಿರ್ಜಾ ಈವೆಂಟಿಂಗ್ ಎಂಬ ಕುದುರೆ ಸವಾರಿ ಸ್ಪರ್ಧೆಯಲ್ಲಿ ಬೆಳ್ಳಿ ಗೆದ್ದಾಗ ಹತ್ತಿದ ಹುಚ್ಚು ಇದು. ಬೇಣದ (ಹುಲ್ಲುಗಾವಲಿನ) ನಡುವೆ 80 ಸೆಂಟಿಮೀಟರ್ ಎತ್ತರದ ಕಂಬವನ್ನು ಚಂಪಿ ಲೀಲಾಜಾಲವಾಗಿ ಹಾರುತ್ತಾಳೆ. ಅದೇ ಬೇಣದ ಅಂಚಿನಲ್ಲಿ, ಹಲಸಿನ ಮರದ ಕೆಳಗೆ ಮೊಣಕಾಲೆತ್ತರದ ದಿಮ್ಮಿಯೊಂದಿದೆ. ಅದರ ಮುಂದೆ ನಾಲ್ಕೂ ಕಾಲು ಊರಿ ನಿಂತುಬಿಡುತ್ತಾಳೆ. ಮೊನ್ನೆ ದಿಮ್ಮಿಯನ್ನು ದಾಟಿದವನು ನಾನೊಬ್ಬನೇ, ಅದೂ ತಲೆ ಕೆಳಗಾಗಿ.

ಎಲೆ ಅಲುಗಿದರೂ ಬೆಚ್ಚುವ ಸ್ವಭಾವ. ದಿನಕ್ಕೆ ಆರು ಕಿಲೋ ಓಟ್ಸ್ ಮತ್ತು ಹುರುಳಿ, ರಾತ್ರಿ ಒಂದು ಕಟ್ಟು ಹುಲ್ಲು ಕೊಡುತ್ತಿದ್ದೇನೆ. ಇನ್ನಷ್ಟು ಬಿಗಿಯಾದ ಕಡಿವಾಣ ತರಿಸಲೇ? ಅಂದಹಾಗೆ, ಜೀನಿನ ಹೊಟ್ಟೆಪಟ್ಟಿ ಬಿಗಿಯುವಾಗ ಕಚ್ಚಲು ಬರುತ್ತಾಳೆ. ನನ್ನ ಮೂರು ಅಂಗಿಗಳು ಅವಳ ಪಾಲಾಗಿವೆ.

ಕಡಲ ಗಾಳಿ (ಕಾರವಾರ):
ಹಟಮಾರಿ ಕುದುರೆಗೆ ಒಮ್ಮೆ ಸೋತರೆ ಕೊನೆಯವರೆಗೂ ಸೋತ ಹಾಗೆಯೇ. ಚಾಟಿ ತೋರಿಸಿ. ವಾರಕ್ಕೊಮ್ಮೆ ಇಲ್ಲಿಯ ಕಡಲತೀರಕ್ಕೆ ತಂದು ಚೆನ್ನಾಗಿ ಓಡಿಸಿ, ಸೊಕ್ಕು ಇಳಿಯುತ್ತದೆ.

ಹಳೆಯ ರಿಕಾಪು (ಕುಮಟಾ):
ಸವಾರರೇ, ನೀವು ನಗೆಗಾಗಿ ಬರೆದ ಕೊನೆಯ ಸಾಲಿನಿಂದಲೇ ಶುರು ಮಾಡೋಣ. ಪಟ್ಟಿ ಬಿಗಿಯುವಾಗ ಕಚ್ಚುವ ಕುದುರೆಗೆ ಹೆಚ್ಚಾಗಿ ಎಲ್ಲೋ ನೋವಿರುತ್ತದೆ. ಕುದುರೆಯ ಹೊಟ್ಟೆ ತಿಂದರೂ ತಿನ್ನದಿದ್ದರೂ ಹಗಲಿರುಳು ಆಮ್ಲ ಸುರಿಸುತ್ತಿರುತ್ತದೆ. ಅದನ್ನು ತಣಿಸುವ ಜೊಲ್ಲು ಮಾತ್ರ ಅಗಿಯುವಾಗಲಷ್ಟೇ ಬರುತ್ತದೆ. ನೀವು ಹಗಲೆಲ್ಲ ಕಾಳು ತಿನ್ನಿಸಿ ರಾತ್ರಿ ಹುಲ್ಲು ತೋರಿಸುತ್ತಿದ್ದೀರಿ. ಇದು ಹೊಟ್ಟೆಯಲ್ಲಿ ಹುಣ್ಣು ಎಬ್ಬಿಸುವ ದಾರಿ, ಮೇಲಿಂದ ಕಾಳಿನ ಬಿಸಿ ಬೇರೆ. 450 ಕಿಲೋ ತೂಗುವ ಕುದುರೆಗೆ ದಿನಕ್ಕೆ ಕಡಿಮೆಯೆಂದರೂ ಏಳು ಕಿಲೋ ಒಣಹುಲ್ಲು ಬೇಕು. ಒಳ್ಳೆಯ ಕರಡ (ಬೇಣದ ಒಣಹುಲ್ಲು) ಸಿಕ್ಕರೆ ದಿನವಿಡೀ ಮುಂದೆ ಇರಲಿ, ಜೀನು ಹಾಕುವ ಮೊದಲೂ ಒಂದು ಹಿಡಿ ತಿನ್ನಲಿ. ಕಾಳನ್ನು ಹತ್ತು ಹನ್ನೆರಡು ದಿನಗಳಲ್ಲಿ ನಿಧಾನವಾಗಿ ಅರ್ಧಕ್ಕಿಳಿಸಿ. ಪಶುವೈದ್ಯರಿಂದ ಹೊಟ್ಟೆ, ಹಲ್ಲು, ಬೆನ್ನು ಮೂರನ್ನೂ ನೋಡಿಸಿ. ಕಡಿವಾಣದ ಮಾತು ಆಮೇಲೆ.

ಇನ್ನು ದಿಮ್ಮಿ. ಬಿಸಿಲಿನಿಂದ ನೆರಳಿಗೆ ಹೊಕ್ಕಾಗ ಕುದುರೆಯ ಕಣ್ಣು ಹೊಂದಿಕೊಳ್ಳಲು ನಮಗಿಂತ ಹೆಚ್ಚು ಹೊತ್ತು ಬೇಕು. ಕೆಂಪು ಬಣ್ಣವನ್ನು ಅದು ನಮ್ಮ ಹಾಗೆ ಬೇರೆಯಾಗಿ ಗುರುತಿಸುವುದಿಲ್ಲ. ಕೆಮ್ಮಣ್ಣಿನ ಮೇಲೆ ಕಂದು ದಿಮ್ಮಿ, ಮೇಲೆ ಹಲಸಿನ ಗಾಢ ನೆರಳು: ಚಂಪಿಗೆ ಅಲ್ಲಿ ಕಾಣುವುದು ಒಂದು ಕತ್ತಲ ಗುಂಡಿ. ಹಣೆಯ ಎದುರಿಗೇ ಒಂದು ಕುರುಡು ಜಾಗವೂ ಇರುವುದರಿಂದ ಹಾರುವ ಗಳಿಗೆಯಲ್ಲಿ ಅದು ನೆನಪನ್ನು ನಂಬಿ ಹಾರುತ್ತದೆ. ನೀವು ಹೆದರಿ ಲಗಾಮು ಎಳೆದು ತಲೆ ಕಟ್ಟಿಹಾಕಿದರೆ ದೂರದಿಂದ ಅಳೆಯುವುದೂ ತಪ್ಪಿತು.

ದಿಮ್ಮಿಯ ಮೇಲಂಚಿಗೆ ದಪ್ಪಗೆ ಸುಣ್ಣ ಬಳಿಯಿರಿ. ಒಂದು ವಾರ ಹಾರಿಸಲೇಬೇಡಿ, ಇಳಿದು ನಡೆಸಿಕೊಂಡು ಹೋಗಿ ಆ ನೆರಳಿನಲ್ಲೇ ಕರಡ ತಿನ್ನಿಸಿ. ಆಮೇಲೆ ನೆರಳಿನ ಕಡೆಯಿಂದ ಬಿಸಿಲಿನ ಕಡೆಗೆ, ಟ್ರಾಟ್‌ನಲ್ಲಿ (ಸಣ್ಣ ಓಟದಲ್ಲಿ), ಲಗಾಮು ಸಡಿಲ ಬಿಟ್ಟು ಹಾರಿಸಿ. ಬಿಸಿಲಿನಿಂದ ನೆರಳಿಗೆ ಹಾರಿಸುವುದು ಕೊನೆಗೆ. ಎತ್ತರದ ಆತುರ ಬೇಡ, ಮೊದಲು ನಿಲ್ಲದೆ ಹಾರುವುದನ್ನು ಕಲಿಯಲಿ. ಸ್ಪರ್ಧೆಯ ಶೋ ಜಂಪಿಂಗ್‌ನಲ್ಲಿ ಕಂಬ ಬಿದ್ದರೆ ದಂಡ 4 ಅಂಕ. ಬಯಲಿನ ತಡೆಗಳನ್ನು ಹಾರುವ ಕ್ರಾಸ್ ಕಂಟ್ರಿಯಲ್ಲಿ ಒಮ್ಮೆ ನಿಂತರೆ 20, ಅದೇ ತಡೆಯ ಮುಂದೆ ಮತ್ತೆ ನಿಂತರೆ 40.

ಕಡಲ ಗಾಳಿಯವರೇ, ಓಟವೇ ಕಸುಬಾಗಿದ್ದ ಕುದುರೆಯನ್ನು ಓಡಿಸಿದರೆ ಓಡುವ ಕಸುವು ಹೆಚ್ಚುತ್ತದೆ, ಸೊಕ್ಕು ಇಳಿಯುವುದಿಲ್ಲ. ಒಣ ಮರಳಿನಲ್ಲಿ ಕಾಲು ಹೂತು ಸ್ನಾಯುರಜ್ಜು ನೊಂದರೆ ತಿಂಗಳುಗಟ್ಟಲೆ ಲಾಯವೇ ಗತಿ. ತೀರಕ್ಕೆ ತರುವುದಾದರೆ ಇಳಿತದ ಹೊತ್ತಿನಲ್ಲಿ, ಒದ್ದೆಯಾಗಿ ಗಟ್ಟಿಯಾದ ಪಟ್ಟೆಯ ಮೇಲೆ, ನಡಿಗೆ ಮತ್ತು ಟ್ರಾಟ್ ಸಾಕು.

ಕಡಲ ಗಾಳಿ (ಕಾರವಾರ):
ಚಾಟಿಯ ಮಾತು ವಾಪಸ್. ಸುಣ್ಣದ ಉಪಾಯ ನನಗೂ ಬೇಕಿತ್ತು.

ಬೇಣದ ಸವಾರ (ಶಿರಸಿ), ಐದು ವಾರಗಳ ನಂತರ:
ಮೇಲಿನ ದವಡೆ ಹಲ್ಲುಗಳ ಹೊರ ಅಂಚು ಚೂಪಾಗಿ ಬೆಳೆದು ಕೆನ್ನೆಯ ಒಳಭಾಗವನ್ನು ಕೊಯ್ದಿತ್ತು. ವೈದ್ಯರು ಅರ ಹಾಕಿ ಉಜ್ಜಿದರು, ಹೊಟ್ಟೆಗೂ ಔಷಧಿ ಕೊಟ್ಟಿದ್ದಾರೆ. ಕಚ್ಚುವುದು ಕಡಿಮೆಯಾಗಿದೆ, ಈಗ ಕಿವಿ ಹಿಂದಕ್ಕೆ ಮಡಚಿ ಸುಮ್ಮನಾಗುತ್ತಾಳೆ. ನೆರಳಿನಿಂದ ಬಿಸಿಲಿಗೆ ದಿಮ್ಮಿಯನ್ನು ಅಳುಕಿಲ್ಲದೆ ಹಾರುತ್ತಾಳೆ. ಬಿಸಿಲಿನ ಕಡೆಯಿಂದ ಬಂದಾಗ ಮಾತ್ರ ಒಮ್ಮೆ ಬುಸುಗುಟ್ಟಿ, ಕತ್ತು ಚಾಚಿ ನೋಡಿ, ಜಿಂಕೆಯ ಹಾಗೆ ಅಗತ್ಯಕ್ಕಿಂತ ಎರಡು ಅಡಿ ಮೇಲಕ್ಕೆ ಚಿಮ್ಮುತ್ತಾಳೆ. ನಾನು ಕೊರಳಿನ ಕೂದಲು ಹಿಡಿದು ಕುಳಿತಿರುತ್ತೇನೆ.

ತೋಟದ ಅಂಚಿನ ಅಗಳವನ್ನು (ಕಂದಕವನ್ನು) ಇನ್ನೂ ಮುಟ್ಟಿಲ್ಲ. ಅದರ ತುಟಿಗೂ ಸುಣ್ಣ ಬಳಿಯಲೇ ಎಂದು ಕೇಳಿದ್ದಕ್ಕೆ ಅಪ್ಪಯ್ಯ, ಮೊದಲು ಮನೆಯ ಗೋಡೆಗೆ ಬಳಿ ಎಂದರು.