ಪುಟ್ಟಿಯ ಸೆಮಿನಾರ್‌ಗೆ: ಡೊನ್ನಾ ಸಮ್ಮರ್

ಪುಟ್ಟೀ, ಸೆಮಿನಾರ್‌ಗೆ ಅಮೆರಿಕದ ಡಿಸ್ಕೋ ಗಾಯಕಿ ಡೊನ್ನಾ ಸಮ್ಮರ್ ತಗೊಂಡಿದೀಯ, ತುಂಬಾ ಖುಷಿ ಆಯ್ತು. ಆದ್ರೆ ಆಕೆಯ ‘ಐ ಫೀಲ್ ಲವ್’ ಹಾಡು ಪೂರ್ತಿ ಮೆಷೀನ್ ಕೆಲಸ, ಹಾಡಿದೋಳದ್ದೇನೂ ಇಲ್ಲ ಅಂತ ನಿಮ್ಮ ದೊಡ್ಡಪ್ಪ ಹೇಳಿದಾರಲ್ಲ, ಅದನ್ನ ಹಾಗೇ ಬರ್ಕೋಬೇಡ. ಅಣ್ಣಾ, ಬೇಜಾರ್ ಮಾಡ್ಕೋಬೇಡ, ವಿಷಯ ಹಾಗಿಲ್ಲ.

ಡೊನ್ನಾ ಹುಟ್ಟಿದ್ದು ಬಾಸ್ಟನ್‌ನಲ್ಲಿ, 1948ರ ಡಿಸೆಂಬರ್ 31. ಚರ್ಚ್‌ನಲ್ಲಿ ಹಾಡಿ ಪಳಗಿದ ಗಂಟಲು. 1968ರಲ್ಲಿ ‘ಹೇರ್’ ಅನ್ನೋ ಸಂಗೀತ ನಾಟಕಕ್ಕೆ ಅಂತ ಜರ್ಮನಿಯ ಮ್ಯೂನಿಕ್‌ಗೆ ಹೋಗಿ ಜರ್ಮನ್‌ನಲ್ಲೇ ಹಾಡಿದ್ಲು. ಹೆಲ್ಮುತ್ ಸೊಮ್ಮರ್ ಅನ್ನೋ ಆಸ್ಟ್ರಿಯಾದ ನಟನ್ನ ಮದುವೆ ಆದ್ಮೇಲೆ ಆ ಹೆಸರೇ ಸಮ್ಮರ್ ಆಯ್ತು. 1975ರಲ್ಲಿ ‘ಲವ್ ಟು ಲವ್ ಯು ಬೇಬಿ’ ಹಾಡು ಬಂತು. ಕಾಸಾಬ್ಲಾಂಕಾ ರೆಕಾರ್ಡ್ ಕಂಪನಿಯ ನೀಲ್ ಬೋಗಾರ್ಟ್ ಇನ್ನೂ ಉದ್ದ ಬೇಕು ಅಂದಿದ್ದಕ್ಕೆ ಹೆಚ್ಚುಕಮ್ಮಿ 17 ನಿಮಿಷ ಎಳೆದ್ರು, ಎಲ್ಪಿಯ ಒಂದು ಬದಿ ಪೂರ್ತಿ ಅದೇ.

ಈಗ 1977, ‘ಐ ಫೀಲ್ ಲವ್’ ಮಾಡಿದ ವರ್ಷ. ಮ್ಯೂನಿಕ್‌ನ ಮ್ಯೂಸಿಕ್‌ಲ್ಯಾಂಡ್ ಸ್ಟುಡಿಯೋ, ಹಾಡು ತಯಾರಿಸಿದ ನಿರ್ಮಾಪಕರು ಜಾರ್ಜಿಯೋ ಮೊರೊಡರ್ ಮತ್ತೆ ಪೀಟ್ ಬೆಲಾಟ್. ಮೂಗ್ ಸಿಂಥಸೈಜರ್ ಅಂದ್ರೆ ವೈರು ಚುಚ್ಚಿ ಸ್ವರ ಹೊರಡಿಸೋ ಪೆಟ್ಟಿಗೆ. ಒಳಗೆ ಬಿಸಿ ಏರಿದ ಹಾಗೆ ಶ್ರುತಿ ಜಾರುತ್ತೆ. ಅದಕ್ಕೇ ಒಂದೇ ಸಲ ಹಾಡಿಡೀ ಬಾರ್ಸೋಕೆ ಆಗ್ಲಿಲ್ಲ. ಕೆಲವೇ ಸೆಕೆಂಡು ರೆಕಾರ್ಡ್ ಮಾಡೋದು, ನಿಲ್ಸೋದು, ಶ್ರುತಿ ಕೂಡ್ಸೋದು, ಟೇಪ್ ಹಿಂದಕ್ಕೆ ಸುತ್ತಿ ಬಿಟ್ಟಲ್ಲಿಂದ ಮತ್ತೆ ಶುರು. ರಾಬಿ ವೀಡೆಲ್ ಅನ್ನೋ ಎಂಜಿನಿಯರ್ ಟೇಪಿನ ಒಂದು ಟ್ರ್ಯಾಕಿಗೆ ತಾಳದ ಸಂಕೇತ ತುಂಬಿ ಯಂತ್ರ ಅದನ್ನೇ ಹಿಡ್ಕೊಂಡು ಹೋಗೋ ಹಾಗೆ ಮಾಡಿದ್ದ. ಅದಿಲ್ದಿದ್ರೆ ಎರಡನೇ ಪದರ ಮೊದಲನೇದರ ಜೊತೆ ಕೂರ್ತಾನೇ ಇರ್ಲಿಲ್ಲ. ಕಿಕ್ ಡ್ರಮ್ಮಿಗಂತೂ (ಕಾಲಲ್ಲಿ ಬಾರ್ಸೋ ದೊಡ್ಡ ಡ್ರಮ್) ಮೂಗ್‌ನಿಂದ ಗುದ್ದೇ ಬರ್ಲಿಲ್ಲ, ಡ್ರಮ್ಮರ್ ಕೀತ್ ಫೋರ್ಸಿ ಕೂತು ಕಾಲಲ್ಲೇ ಹೊಡೆದ.

ಇನ್ನು ದನಿ. ಅಷ್ಟು ಬಿಗಿ ತಾಳದ ಮೇಲೆ ಆಕೆ ತಾರಸ್ಥಾಯಿಲಿ, ಹಗುರವಾಗಿ, ಕಡಿಮೆ ಪದಗಳನ್ನ ಉದ್ದಕ್ಕೆ ಎಳೆದು ಹಾಡ್ತಾಳೆ. ಚರ್ಚಿನ ತುಂಬುದನಿ ಅಲ್ಲಿ ಹಾಕಿದ್ರೆ ಆ ತೇಲೋ ಗುಣವೇ ಹೋಗ್ತಿತ್ತು. ತುಂಬುದನಿ ಇರ್ಲಿಲ್ಲ ಅಂತಲ್ಲ. 1979ರ ‘ಹಾಟ್ ಸ್ಟಫ್’ ಕೇಳು. ರಾಕ್ ಗಾಯಕಿ ಅನ್ನೋ ಗ್ರ್ಯಾಮಿ ಮೊದಲ ಸಲ ಕೊಟ್ಟಿದ್ದೇ ಅದಕ್ಕೆ. ಒಂದರ ಹಿಂದೆ ಒಂದು ಮೂರು ಡಬಲ್ ಆಲ್ಬಮ್ ಅಮೆರಿಕದಲ್ಲಿ ನಂಬರ್ ಒನ್ ಆಗಿದ್ದೂ ಆಕೆಯದ್ದೇ. 2012ರ ಮೇ 17ಕ್ಕೆ ಶ್ವಾಸಕೋಶದ ಕ್ಯಾನ್ಸರ್‌ನಿಂದ ತೀರ್ಕೊಂಡ್ಲು, 63 ವರ್ಷ. ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್‌ನವರು ಸೇರ್ಸಿಕೊಂಡಿದ್ದು ಮರುವರ್ಷ, ಬದುಕಿದ್ದಾಗ್ಲೇ ಮಾಡ್ಬೇಕಿತ್ತು.

ಕ್ಲಾಸಲ್ಲಿ ‘ಐ ಫೀಲ್ ಲವ್’ ಕೇಳಿಸೋದಾದ್ರೆ ಫೋನ್ ಸ್ಪೀಕರಲ್ಲಿ ಬೇಡ. ಬೇಸ್ (ತಗ್ಗು) ಸ್ವರ ಎಡಗಡೆ, ಅದೇ ಸ್ವರ ಚೂರು ತಡವಾಗಿ ಬಲಗಡೆ ಹಾಕಿದಾರೆ, ಅದಕ್ಕೇ ಕುದುರೆ ಓಟ ಬಂದಿರೋದು. ಎರಡು ಸ್ಪೀಕರ್ ಇಡು, ಆದ್ರೆ ತೀರಾ ದೂರ ಬೇಡ. ದೂರ ಆದ್ರೆ ಒಂದು ಕಡೆ ಕೂತವರಿಗೆ ಅರ್ಧ ತಾಳವೇ ಕೇಳ್ಸೋದು. ಮೊದಲು ನೀನೇ ಹೆಡ್‌ಫೋನ್ ಹಾಕಿ ಒಂದೊಂದು ಕಿವಿ ತೆಗೆದು ನೋಡು, ವ್ಯತ್ಯಾಸ ತಕ್ಷಣ ಗೊತ್ತಾಗುತ್ತೆ.