1966ರ ಅಲ್ಟ್ರಾಮ್ಯಾನ್ ಡಿವಿಡಿ: ಅಂಚಲ್ಲಿ ಗೆರೆ, ದೈತ್ಯರು ಹಗುರ ಕಾಣ್ತಾರೆ, ಸಬ್‌ಟೈಟಲ್ ಮುಂದೆ ಓಡುತ್ತೆ. ಸಹಾಯ ಬೇಕು

ಕಾಫಿತೋಟ:
ನಮಸ್ಕಾರ ಎಲ್ರಿಗೂ. ನನ್ಹತ್ರ ಮೊದಲನೇ ಅಲ್ಟ್ರಾಮ್ಯಾನ್ ಸರಣಿದು (ದೈತ್ಯ ಹೀರೋ ದೈತ್ಯ ಪ್ರಾಣಿಗಳ ಜೊತೆ ಹೊಡೆದಾಡೋ ಜಪಾನ್ ಟಿವಿ ಸರಣಿ) ಜಪಾನ್ ಡಿವಿಡಿ ಸೆಟ್ ಇದೆ, 39 ಎಪಿಸೋಡೂ. ರೀಜನ್ 2 ಡಿಸ್ಕ್, ಅಂದ್ರೆ ಬೇರೆ ದೇಶಗಳ ಪ್ಲೇಯರಿಗೆ ಅಂತ ಲಾಕ್ ಮಾಡಿರೋದು, ಮನೆ ಪ್ಲೇಯರ್ ತಗೊಳಲ್ಲ, ಅದಕ್ಕೆ ಕಂಪ್ಯೂಟರ್‌ಗೆ ಹಾಕ್ಕೊಂಡು ವಿಎಲ್‌ಸಿಲಿ ಓಡಿಸಿ ಎಚ್‌ಡಿಎಂಐನಲ್ಲಿ ಟಿವಿಗೆ ಕೊಡ್ತಿದೀನಿ. ಯಾರಾದ್ರೂ ಓಡಿದ್ರೆ ಅಂಚಲ್ಲೆಲ್ಲ ಅಡ್ಡಡ್ಡ ಗೆರೆ, ಡೀಇಂಟರ್ಲೇಸ್ ಅನ್ನೋ ಗೆರೆ ತೆಗೆಯೋ ಸೆಟ್ಟಿಂಗ್ ಆನ್ ಮಾಡಿದ್ರೆ ಗೆರೆ ಹೋಗುತ್ತೆ ಆದ್ರೆ ಕ್ಯಾಮೆರಾ ತಿರುಗಿದಾಗ ಜರ್ಕ್ ಹೊಡೆಯುತ್ತೆ. ಇನ್ನೊಂದು, ಹೊಸ ಟಿವಿಲಿ ದೈತ್ಯರಿಗೆ ತೂಕಾನೇ ಇಲ್ಲ, ಯಾರೋ ವೇಷ ಹಾಕ್ಕೊಂಡು ರೂಮಲ್ಲಿ ನಿಂತಂಗಿದೆ. ಇಂಗ್ಲಿಷ್ ಸಬ್‌ಟೈಟಲ್ ಬೇರೆ ಕಡೆಯಿಂದ ತಗೊಂಡಿದ್ದು, ಶುರುಲಿ ಸರಿ ಇರುತ್ತೆ, ಕೊನೆಗೆ ಹೋಗೋಷ್ಟ್ರಲ್ಲಿ ಹತ್ತತ್ರ ಒಂದು ನಿಮಿಷ ಮುಂಚೆನೇ ಬರುತ್ತೆ. ಮಗಳಿಗೆ ಇದನ್ನ ಚೆನ್ನಾಗಿ ತೋರಿಸ್ಬೇಕು ಅಂತ ತುಂಬಾ ಆಸೆ.

ಗಾಂಧಿಬಜಾರ್ ಹುಡ್ಗ:
ಸರ್ ಮೊದ್ಲು ಟಿವಿಲಿ ಪಿಕ್ಚರ್ ಸೈಜ್ 4:3 ಇದ್ಯಾ ನೋಡಿ, ಎಳೆದು ಅಗಲ ಮಾಡಿದ್ರೆ ಅಲ್ಟ್ರಾಮ್ಯಾನ್ ದಪ್ಪ ಕಾಣ್ತಾನೆ. ಗೆರೆಗೆ ಡೀಇಂಟರ್ಲೇಸ್‌ನಲ್ಲಿ ಯಾಡಿಫ್ ಅನ್ನೋ ಮೋಡ್ ಹಾಕಿ.

ರೀಲ್‌ಡಬ್ಬಿ:
4:3 ಮಾತು ಸರಿ, ಯಾಡಿಫ್ ಮಾತ್ರ ಇಲ್ಲಿ ಬೇಡ. ಈ ಸರಣಿ ತೆಗೆದಿದ್ದು ಫಿಲ್ಮ್‌ನಲ್ಲಿ, ಸೆಕೆಂಡಿಗೆ 24 ಫ್ರೇಮು. ಜಪಾನ್ ಡಿವಿಡಿ ಎನ್‌ಟಿಎಸ್‌ಸಿ ಅನ್ನೋ ಹಳೇ ಟಿವಿ ಪದ್ಧತಿದು, ಸೆಕೆಂಡಿಗೆ 29.97 ಫ್ರೇಮು. ಈ ವ್ಯತ್ಯಾಸ ತುಂಬಕ್ಕೆ ನಾಲ್ಕು ಫಿಲ್ಮ್ ಫ್ರೇಮನ್ನ ಐದು ವೀಡಿಯೋ ಫ್ರೇಮಿಗೆ ಹಂಚ್ತಾರೆ, ಅದ್ರಲ್ಲಿ ಮೂರು ಶುದ್ಧ, ಎರಡ್ರಲ್ಲಿ ಅಕ್ಕಪಕ್ಕದ ಫ್ರೇಮು ಬೆರೆತಿರುತ್ತೆ. ನೀವು ನೋಡ್ತಿರೋ ಗೆರೆ ಅದೇ. ಓಡೋ ಸೀನಲ್ಲಿ ವಿಎಲ್‌ಸಿನ ಪಾಜ್ ಮಾಡಿ, ಇ ಕೀ ಒತ್ತುತ್ತಾ ಒಂದೊಂದೇ ಫ್ರೇಮ್ ನೋಡಿ, ಮೂರು ಕ್ಲೀನ್ ಎರಡು ಗೆರೆ ಅಂತ ತಿರುತಿರುಗಿ ಬಂದ್ರೆ ಗ್ಯಾರಂಟಿ. ಮಾಮೂಲಿ ಡೀಇಂಟರ್ಲೇಸ್ ಗೆರೆ ಅಳಿಸುತ್ತೆ, ಹೆಚ್ಚುವರಿ ಫ್ರೇಮ್ ಹಾಗೇ ಬಿಡುತ್ತೆ, ಜರ್ಕ್ ಬರೋದು ಅದಕ್ಕೇ. ಡೀಇಂಟರ್ಲೇಸ್ ಮೋಡ್‌ನಲ್ಲಿ ಫಿಲ್ಮ್ ಎನ್‌ಟಿಎಸ್‌ಸಿ ಐವಿಟಿಸಿ ಅಂತ ಇದೆ, ಬೆರೆತ ಫ್ರೇಮನ್ನ ಬಿಡಿಸಿ ಮತ್ತೆ 24 ಮಾಡೋದು, ಅದನ್ನ ಆರಿಸಿ. ಪರ್ಮನೆಂಟಾಗಿ ಬೇಕಂದ್ರೆ ಹ್ಯಾಂಡ್‌ಬ್ರೇಕ್ ಅನ್ನೋ ವೀಡಿಯೋ ಕನ್ವರ್ಟ್ ಮಾಡೋ ಸಾಫ್ಟ್‌ವೇರಲ್ಲಿ ಇದೇ ಕೆಲಸದ ಡೀಟೆಲಿಸಿನಿ ಫಿಲ್ಟರ್ ಹಾಕಿ 23.976ಗೆ ಮಾಡ್ಕೊಳಿ.

ತೂಕ ಇಲ್ಲ ಅಂದ್ರಲ್ಲ, ಅದು ಟಿವಿಯ ಮೋಷನ್ ಸ್ಮೂತಿಂಗ್. ಇದ್ರ ಬಗ್ಗೆ ಸ್ವಲ್ಪ ಉದ್ದ ಬರೀತೀನಿ, ಯಾಕಂದ್ರೆ ಈ ಸರಣಿ ಮಾಡಿದ ಸುಬುರಾಯಾ ಸ್ಟುಡಿಯೋದವ್ರ ಕೆಲಸ ಎಲ್ಲ ಇಲ್ಲೇ ಇರೋದು. ಅಲ್ಟ್ರಾಮ್ಯಾನ್ ಎತ್ತರ 40 ಮೀಟರ್, ವೇಷದೊಳಗಿದ್ದ ಬಿನ್ ಫುರುಯಾ ಸುಮಾರು 1.8 ಮೀಟರ್. 40 ಮೀಟರ್ ಮೇಲಿಂದ ಕಲ್ಲು ಬಿದ್ರೆ ನೆಲಕ್ಕೆ ಬರಕ್ಕೆ ಸುಮಾರು 2.9 ಸೆಕೆಂಡ್ ಬೇಕು, 1.8 ಮೀಟರ್‌ನಿಂದ ಬರೀ 0.6 ಸೆಕೆಂಡ್. ಅಂದ್ರೆ ಮಾಡೆಲ್ ಕಟ್ಟಡದ ಚೂರು ನಿಜವಾದ ಕಟ್ಟಡದ್ದಕ್ಕಿಂತ ನಾಲ್ಕೈದು ಪಟ್ಟು ಬೇಗ ಬೀಳುತ್ತೆ, ನೋಡಿದ ತಕ್ಷಣ ಆಟಿಕೆ ಅಂತ ಗೊತ್ತಾಗ್ಬಿಡುತ್ತೆ. ಅದಕ್ಕೇ ಕ್ಯಾಮೆರಾನ ಜೋರಾಗಿ ಓಡಿಸಿ ತೆಗೆದು ಮಾಮೂಲಿ ವೇಗದಲ್ಲಿ ತೋರಿಸ್ತಿದ್ರು, ಧೂಳು ನಿಧಾನಕ್ಕೆ ಏಳುತ್ತೆ, ಗೋಡೆ ಭಾರವಾಗಿ ಕುಸಿಯುತ್ತೆ. 24 ಫ್ರೇಮಲ್ಲಿ ನೋಡ್ದಾಗ ಮಾತ್ರ ಕಣ್ಣು ಅದನ್ನ ನಂಬುತ್ತೆ. ಟಿವಿ ಮಧ್ಯೆ ತನ್ನದೇ ಫ್ರೇಮ್ ಹುಟ್ಟಿಸಿ ನುಣುಪು ಮಾಡಿದ್ರೆ ವೇಗ ಬದಲಾಗಲ್ಲ, ಆದ್ರೆ ಸಿನಿಮಾ ಹೋಗಿ ವೀಡಿಯೋ ಆಗುತ್ತೆ, ವೇಷದ ಮಡಿಕೆ, ಮಾಡೆಲ್ಲು ಎಲ್ಲ ಎದ್ದು ಕಾಣುತ್ತೆ. ಪಿಕ್ಚರ್ ಸೆಟ್ಟಿಂಗ್‌ನಲ್ಲಿ ಮೋಷನ್ ಅಂತ ಇರೋದನ್ನೆಲ್ಲ ಆಫ್ ಮಾಡಿ, ಒಂದೊಂದು ಕಂಪನಿ ಒಂದೊಂದು ಹೆಸರಿಡುತ್ತೆ. ಈ ಸೆಟ್ಟಿಂಗ್ ಎಷ್ಟೋ ಟಿವಿಲಿ ಪ್ರತಿ ಎಚ್‌ಡಿಎಂಐ ಪೋರ್ಟಿಗೂ ಬೇರೆ, ಕಂಪ್ಯೂಟರ್ ಹಾಕಿರೋ ಪೋರ್ಟಲ್ಲೇ ಮಾಡಿ.

ಸಬ್‌ಟೈಟಲ್ 25 ಫ್ರೇಮಿನ ವೀಡಿಯೋಗೆ ಟೈಮ್ ಮಾಡಿದ್ದು ಅನ್ಸುತ್ತೆ. 24 ನಿಮಿಷದ ಎಪಿಸೋಡು ಅದ್ರಲ್ಲಿ 23 ನಿಮಿಷಕ್ಕೇ ಮುಗಿಯುತ್ತೆ, ನೀವು ಹೇಳಿದ ಒಂದು ನಿಮಿಷ ಅಲ್ಲೇ ಸಿಕ್ತು. ಹಿಂದೆ ಮುಂದೆ ತಳ್ಳಿದ್ರೆ ಸರಿಹೋಗಲ್ಲ, ಸಬ್‌ಟೈಟಲ್ ಎಡಿಟ್ ಅನ್ನೋ ಸಾಫ್ಟ್‌ವೇರಲ್ಲಿ ಫ್ರೇಮ್ ರೇಟ್ 25ರಿಂದ 23.976ಗೆ ಬದಲಾಯಿಸಿ ಸೇವ್ ಮಾಡಿ.

ಕಾಫಿತೋಟ:
ಮೂರೂ ಸರಿಹೋಯ್ತು ಸರ್! ಮೋಷನ್ ಆಫ್ ಮಾಡಿದ್ಮೇಲೆ ಮೊದಲನೇ ಎಪಿಸೋಡಿನ ದೈತ್ಯ ಬೆಮ್ಯುಲಾರ್ ಬಂದಾಗ ಮಗಳು ದಿಂಬು ಹಿಡ್ಕೊಂಡು ಕೂತ್ಲು. ಇನ್ನೊಂದೇ ಡೌಟು, 2ನೇ ಎಪಿಸೋಡಲ್ಲಿ ಅನ್ಯಗ್ರಹದ ಬಾಲ್ಟಾನ್ ಒಬ್ಬ ಹಲವರಾಗೋ ಶಾಟು, ಅಲ್ಟ್ರಾಮ್ಯಾನ್ ಬಿಡೋ ಸ್ಪೆಸಿಯಂ ಕಿರಣದ ಶಾಟು, ಇವು ಪಕ್ಕದ ಶಾಟಿಗಿಂತ ಮಸುಕು, ಕಾಳುಕಾಳು ಜಾಸ್ತಿ. ರಿಪ್ (ಡಿಸ್ಕಿಂದ ಕಂಪ್ಯೂಟರ್‌ಗೆ ಮಾಡಿದ ಕಾಪಿ) ಕೆಟ್ಟಿದ್ಯಾ?

ರೀಲ್‌ಡಬ್ಬಿ:
ಇಲ್ಲ, ರಿಪ್ ಚೆನ್ನಾಗೇ ಇದೆ. ಅವು ಆಪ್ಟಿಕಲ್ ಶಾಟು, ಬೇರೆಬೇರೆ ಫಿಲ್ಮನ್ನ ಒಂದ್ರ ಮೇಲೊಂದು ಹಾಕಿ ಹೊಸ ಫಿಲ್ಮಿಗೆ ಮತ್ತೆ ಪ್ರಿಂಟ್ ಮಾಡಿರೋದು, ಪ್ರತಿ ಸಲ ಕಾಪಿ ಆದಾಗ್ಲೂ ಗ್ರೇನ್, ಅಂದ್ರೆ ಆ ಕಾಳುಕಾಳು, ಏರುತ್ತೆ. ನಾಯ್ಸ್ ರಿಡಕ್ಷನ್ ಹಾಕ್ಬೇಡಿ, ಗ್ರೇನ್ ಜೊತೆ ದೈತ್ಯರ ಚರ್ಮದ ವಿವರಾನೂ ಒರೆಸಿ ಮೇಣ ಮಾಡುತ್ತೆ. ಟಿವಿಲಿ ಶಾರ್ಪ್‌ನೆಸ್ ಕೂಡ ಕಮ್ಮಿ ಮಾಡಿ, ಅಂಚಲ್ಲಿ ಬಿಳಿ ಗೆರೆ ಬರೋದು ನಿಲ್ಲೋ ತನಕ.

ಗಾಂಧಿಬಜಾರ್ ಹುಡ್ಗ:
ಐವಿಟಿಸಿ ನಾನೂ ಹಾಕಿ ನೋಡ್ದೆ, ನನ್ಹತ್ರ ಇರೋ ಹಳೇ ಡಿಸ್ಕಿಗೂ ಕೆಲಸ ಮಾಡ್ತು. ಥ್ಯಾಂಕ್ಸ್ ಗುರುಗಳೇ.